ಆಮ್‌ಸ್ಟರ್‌ಡ್ಯಾಮ್‌ನಲ್ಲಿ ಒಂದು ಹಗಲು: ಒಂಟಿಯಾಗಿ ವಿಮಾನ ಬದಲಿಸುವವರಿಗೆ ಸಮಗ್ರ ಮಾರ್ಗದರ್ಶಿ

ಬೆಂಗಳೂರಿನಿಂದ ಅಮೆರಿಕಕ್ಕೋ ಕೆನಡಾಕ್ಕೋ ಹೊರಟವರ ಟಿಕೆಟ್‌ನಲ್ಲಿ ಆಮ್‌ಸ್ಟರ್‌ಡ್ಯಾಮ್ ಹೆಸರು ಇರುವುದು ಮಾಮೂಲು. 2019ರಲ್ಲಿ ಕೆಎಲ್‌ಎಂ ಬೆಂಗಳೂರಿಗೆ ನೇರ ವಿಮಾನ ಶುರುಮಾಡಿದ ಮೇಲೆ ಇದು ಇನ್ನೂ ಹೆಚ್ಚಾಗಿದೆ. ಎಂಟು-ಹತ್ತು ಗಂಟೆ ಕಾಯಬೇಕಾಗಿ ಬಂದಾಗ ನಿಲ್ದಾಣದ ಕುರ್ಚಿಯಲ್ಲಿ ತೂಕಡಿಸುವುದೋ, ಊರು ನೋಡಿ ಬರುವುದೋ ಎಂಬ ಪ್ರಶ್ನೆ ಏಳುತ್ತದೆ. ಯುರೋಪಿನ ರಾಜಧಾನಿಗಳ ಪೈಕಿ ಹೀಗೆ ಹೋಗಿಬರಲು ಇಷ್ಟು ಅನುಕೂಲವಾದ ಊರು ಕಡಿಮೆ. ರೈಲು ನಿಲ್ದಾಣ ಸ್ಕಿಪೋಲ್ ವಿಮಾನ ನಿಲ್ದಾಣದ ಕೆಳಗೇ ಇದೆ, ಊರಿನ ನಡುವಿಗೆ ಹದಿನೈದರಿಂದ ಹದಿನೇಳು ನಿಮಿಷ. ಹೋಗಬಹುದೋ ಇಲ್ಲವೋ ಎನ್ನುವುದು ದೂರದ ಮೇಲೆ ನಿಂತಿಲ್ಲ, ಕೈಯಲ್ಲಿರುವ ವೀಸಾ ಮತ್ತು ಗಡಿಯಾರದ ಮೇಲೆ ನಿಂತಿದೆ.

ಮೊದಲು ಐದು ಗಂಟೆ ಕಳೆಯಿರಿ

ಎರಡು ವಿಮಾನಗಳ ನಡುವಿನ ಒಟ್ಟು ಅವಧಿಯಿಂದ ಐದು ಗಂಟೆ ಕಳೆಯಿರಿ. ಉಳಿದದ್ದಷ್ಟೇ ಊರಿಗೆ ಸಿಗುವ ಸಮಯ. ವಿಮಾನದಿಂದ ಇಳಿದು ಉದ್ದನೆಯ ಕಾರಿಡಾರ್ ದಾಟಿ, ಪಾಸ್‌ಪೋರ್ಟ್ ಸಾಲಿನಲ್ಲಿ ನಿಂತು, ಲಾಕರ್ ಹುಡುಕಿ, ರೈಲು ಹತ್ತುವ ಹೊತ್ತಿಗೆ ಒಂದೂಕಾಲು, ಒಂದೂವರೆ ಗಂಟೆ ಸರಿದಿರುತ್ತದೆ. ಹೋಗಿಬರುವ ರೈಲಿಗೆ, ಪ್ಲಾಟ್‌ಫಾರಂನಲ್ಲಿ ಕಾಯುವುದೂ ಸೇರಿ, ಮುಕ್ಕಾಲು ಗಂಟೆ. ಖಂಡಾಂತರ ವಿಮಾನಕ್ಕೆ ಮೂರು ಗಂಟೆ ಮುಂಚೆ ನಿಲ್ದಾಣದಲ್ಲಿರಬೇಕು.

ಲೆಕ್ಕ ಹೀಗೆ: ಬೆಳಿಗ್ಗೆ 8:30ಕ್ಕೆ ಇಳಿದಿರಿ, ಮುಂದಿನ ವಿಮಾನ ಸಂಜೆ 4:30ಕ್ಕೆ ಎಂದುಕೊಳ್ಳಿ. 10:10ರ ಹೊತ್ತಿಗೆ ಊರಲ್ಲಿರುತ್ತೀರಿ, 1 ಗಂಟೆಗೆ ವಾಪಸ್ ರೈಲು ಹತ್ತಬೇಕು. ಸಿಕ್ಕಿದ್ದು ಮೂರು ಗಂಟೆಗೆ ಹತ್ತು ನಿಮಿಷ ಕಡಿಮೆ. ಅಷ್ಟರಲ್ಲಿ ಒಂದು ಒಳ್ಳೆಯ ನಡಿಗೆ, ಒಂದು ಊಟ. ಮ್ಯೂಸಿಯಂ ಆಸೆ ಇದ್ದರೆ ಅಂತರ ಹತ್ತು ಗಂಟೆಯಾದರೂ ಇರಲಿ. ಏಳು ಗಂಟೆಗಿಂತ ಕಡಿಮೆ ಇದ್ದರೆ ಹೊರಗೆ ಹೋಗಬೇಡಿ. ಹೋದರೂ ಊರಿಗಿಂತ ಹೆಚ್ಚಾಗಿ ವಾಚನ್ನೇ ನೋಡುತ್ತೀರಿ.

ಚಳಿಗಾಲದಲ್ಲಿ ಇನ್ನೊಂದು ತೊಡಕಿದೆ. ಡಿಸೆಂಬರ್ ಕೊನೆಯಲ್ಲಿ ಸೂರ್ಯ ಹುಟ್ಟುವುದು 8:50ರ ಸುಮಾರಿಗೆ, ಮುಳುಗುವುದು 4:30ಕ್ಕೆ. ಜೂನ್‌ನಲ್ಲಾದರೆ ರಾತ್ರಿ ಹತ್ತರವರೆಗೂ ಬೆಳಕು. ಸಂಜೆ ಬಂದಿಳಿದು ಮರುದಿನ ಬೆಳಿಗ್ಗೆ ಹೊರಡುವ ಟಿಕೆಟ್ ಬೇಸಿಗೆಯಲ್ಲಿ ವರ, ಚಳಿಗಾಲದಲ್ಲಿ ಬರೀ ಹೋಟೆಲ್ ಖರ್ಚು. ಅಲ್ಲಿನ ಗಡಿಯಾರ ನಮ್ಮದಕ್ಕಿಂತ ಬೇಸಿಗೆಯಲ್ಲಿ ಮೂರೂವರೆ ಗಂಟೆ, ಚಳಿಗಾಲದಲ್ಲಿ ನಾಲ್ಕೂವರೆ ಗಂಟೆ ಹಿಂದೆ.

ವೀಸಾ: ಹೆಚ್ಚಿನವರು ಎಡವುವ ಜಾಗ

ಭಾರತೀಯ ಪಾಸ್‌ಪೋರ್ಟ್ ಇರುವವರು ಸ್ಕಿಪೋಲ್‌ನಿಂದ ಹೊರಗೆ ಕಾಲಿಡಬೇಕಾದರೆ ಅಲ್ಪಾವಧಿಯ ಷೆಂಗೆನ್ ವೀಸಾ (ಯುರೋಪಿನ ಹಲವು ದೇಶಗಳಿಗೆ ಒಟ್ಟಾಗಿ ನಡೆಯುವ ವೀಸಾ) ಬೇಕೇ ಬೇಕು. ಅಮೆರಿಕದ ಎಚ್‌1ಬಿ ಇದೆ, ಗ್ರೀನ್ ಕಾರ್ಡ್ ಇದೆ, ಬ್ರಿಟನ್ ವೀಸಾ ಇದೆ ಎಂಬ ವಾದ ಇಲ್ಲಿ ನಡೆಯುವುದಿಲ್ಲ. ನಾಲ್ಕು ತಾಸಿನ ಸುತ್ತಾಟಕ್ಕೂ ಅದೇ ವೀಸಾ, ಅದೇ ಶುಲ್ಕ. 2024ರ ಜೂನ್‌ನಿಂದ ದೊಡ್ಡವರಿಗೆ 90 ಯೂರೋ, ಅದರ ಮೇಲೆ ಅರ್ಜಿ ಕೇಂದ್ರದ ಸೇವಾ ಶುಲ್ಕ ಬೇರೆ. ಒಂದು ಹಗಲಿಗಾಗಿಯೇ ಇಷ್ಟು ಸುರಿಯುವುದು ದುಬಾರಿ ಎಂದು ಅನಿಸಿದರೆ ಅದು ಸರಿಯಾದ ಅನಿಸಿಕೆಯೇ. ಬೇರೆ ಕೆಲಸಕ್ಕೆ ಪಡೆದ ಬಹುಪ್ರವೇಶ ವೀಸಾ ಚಾಲ್ತಿಯಲ್ಲಿದ್ದರೆ, ಅಥವಾ ಒಂದೆರಡು ರಾತ್ರಿ ಉಳಿಯುವ ಯೋಚನೆ ಇದ್ದರೆ ಮಾತ್ರ ಲೆಕ್ಕ ಕೂಡಿಬರುತ್ತದೆ.

ಅರ್ಜಿ ಹಾಕುವುದಾದರೆ ಪ್ರಯಾಣಕ್ಕೆ ಆರು ತಿಂಗಳು ಮುಂಚಿನಿಂದ ಹಾಕಬಹುದು, ಕೊನೆಯ ಗಡುವು 15 ದಿನ. ಆ ಗಡುವನ್ನು ನಂಬಿ ಕೂರಬೇಡಿ. ಬೇಸಿಗೆ ರಜೆಯ ಮುಂಚೆ ಅಪಾಯಿಂಟ್‌ಮೆಂಟ್ ಸಿಗುವುದೇ ಕಷ್ಟ. ಕನಿಷ್ಠ 30,000 ಯೂರೋ ಮೊತ್ತದ ಪ್ರಯಾಣ ವಿಮೆ, ಮುಂದಿನ ಟಿಕೆಟ್, ಮುಂದಿನ ದೇಶದ ವೀಸಾ ಪ್ರತಿ, ಬ್ಯಾಂಕ್ ಸ್ಟೇಟ್‌ಮೆಂಟ್ ಇರಲಿ. ಪಾಸ್‌ಪೋರ್ಟ್ ಹತ್ತು ವರ್ಷದೊಳಗೆ ಕೊಟ್ಟದ್ದಾಗಿರಬೇಕು, ಷೆಂಗೆನ್ ಬಿಟ್ಟ ಮೇಲೂ ಮೂರು ತಿಂಗಳು ಚಾಲ್ತಿಯಲ್ಲಿರಬೇಕು, ಎರಡು ಖಾಲಿ ಪುಟ ಬೇಕು.

ಎಷ್ಟು ಸಲ ಪ್ರವೇಶ ಎಂಬ ಕಾಲಂ ಮೇಲೆ ಕಣ್ಣಿಡಿ. ಹೋಗುವಾಗ ಒಂದು ಸಲ ಊರು ನೋಡಿ, ಬರುವಾಗ ಮತ್ತೊಮ್ಮೆ ನೋಡುವ ಯೋಚನೆ ಇದ್ದರೆ ಏಕಪ್ರವೇಶ ವೀಸಾ ಸಾಲದು. ಮೊದಲ ಸಲ ಹೊರಬಿದ್ದು ಮುಂದಿನ ವಿಮಾನ ಹತ್ತಿದೊಡನೆ ಅದು ಮುಗಿದಂತೆ, ತಾರೀಖು ಇನ್ನೂ ಉಳಿದಿದ್ದರೂ ಅಷ್ಟೆ. ಪ್ಯಾರಿಸ್‌ಗೋ ರೋಮ್‌ಗೋ ಹೋಗುವವರಿಗೂ ಇದೇ ಜಾಲ ಕಾದಿದೆ: ಹೋಗುವಾಗ ಆಮ್‌ಸ್ಟರ್‌ಡ್ಯಾಮ್, ನಡುವೆ ಷೆಂಗೆನ್‌ಗೆ ಸೇರದ ಲಂಡನ್, ವಾಪಸಾಗುವಾಗ ಮತ್ತೆ ಆಮ್‌ಸ್ಟರ್‌ಡ್ಯಾಮ್ ಎಂದರೆ ಎರಡು ಪ್ರವೇಶ.

ಲಗೇಜು, ಟಿಕೆಟ್, ಕಾರ್ಡು

ಒಂದೇ ಟಿಕೆಟ್‌ನಲ್ಲಿ 24 ಗಂಟೆಯೊಳಗೆ ವಿಮಾನ ಬದಲಿಸುವುದಾದರೆ ದೊಡ್ಡ ಪೆಟ್ಟಿಗೆ ಸಾಮಾನ್ಯವಾಗಿ ಕೊನೆಯ ಊರಿಗೇ ಹೋಗುತ್ತದೆ. ಬೆಂಗಳೂರಿನ ಕೌಂಟರ್‌ನಲ್ಲಿ ಕೊಡುವ ಟ್ಯಾಗ್ ಮೇಲೆ ಯಾವ ನಿಲ್ದಾಣದ ಸಂಕೇತ ಇದೆ ಎಂದು ಅಲ್ಲೇ ಓದಿಕೊಳ್ಳಿ. 24 ಗಂಟೆ ದಾಟಿದರೆ ಪೆಟ್ಟಿಗೆ ಆಮ್‌ಸ್ಟರ್‌ಡ್ಯಾಮ್‌ನಲ್ಲೇ ಇಳಿಯುತ್ತದೆ, ಅದನ್ನು ನೀವೇ ಎತ್ತಿಕೊಳ್ಳಬೇಕು. ಎರಡು ಬೇರೆ ಬೇರೆ ಟಿಕೆಟ್ ಕೊಂಡಿದ್ದರೆ ಪರಿಸ್ಥಿತಿ ಪೂರಾ ಬೇರೆ. ಪೆಟ್ಟಿಗೆಯ ಹೊಣೆಯೂ ನಿಮ್ಮದು, ಮೊದಲ ವಿಮಾನ ತಡವಾಗಿ ಎರಡನೆಯದು ತಪ್ಪಿದರೆ ಅದರ ನಷ್ಟವೂ ನಿಮ್ಮದು. ಒಂದೇ ಟಿಕೆಟ್ ಇದ್ದರೂ ಊರು ಸುತ್ತಲು ಹೋಗಿ ವಿಮಾನ ತಪ್ಪಿಸಿಕೊಂಡವರಿಗೆ ಬಿಟ್ಟಿ ಸೀಟು ಸಿಗುವುದಿಲ್ಲ, ಮುಂದಿನ ಹಾಗೂ ವಾಪಸಿನ ಟಿಕೆಟ್ ರದ್ದಾಗುವ ಅಪಾಯವೂ ಇದೆ.

ಕೈಲಗೇಜನ್ನು ಊರೆಲ್ಲ ಎಳೆದುಕೊಂಡು ಹೋಗಬೇಡಿ. ಸ್ಕಿಪೋಲ್‌ನ ನೆಲಮಾಳಿಗೆಯಲ್ಲಿ, ಅರೈವಲ್ಸ್ 1 ಮತ್ತು 2ರ ನಡುವೆ, ಲಗೇಜ್ ಡಿಪೋ ಮತ್ತು ಲಾಕರ್‌ಗಳಿವೆ. ವ್ಯಾನ್ ಗೋ ಮ್ಯೂಸಿಯಂ ಎ4 ಹಾಳೆಗಿಂತ ದೊಡ್ಡ ಚೀಲವನ್ನು ಒಳಗೆ ಬಿಡುವುದಿಲ್ಲ, ಉಳಿದ ಮ್ಯೂಸಿಯಂಗಳೂ ಟ್ರಾಲಿ ಕಂಡರೆ ತಡೆಯುತ್ತವೆ. ಚಿಕ್ಕ ಭುಜದ ಚೀಲದಲ್ಲಿ ಪಾಸ್‌ಪೋರ್ಟ್, ಫೋನ್, ಪವರ್‌ಬ್ಯಾಂಕ್, ಮಾತ್ರೆ, ಟೊಪ್ಪಿ ಇರುವ ರೇನ್‌ಕೋಟ್. ಕೊಡೆ ಬೇಡ. ಸಮುದ್ರದ ಕಡೆಯಿಂದ ಬೀಸುವ ಗಾಳಿಗೆ ಅದು ಮಗುಚಿಕೊಂಡು ಕಡ್ಡಿ ಮುರಿಯುತ್ತದೆ.

ಕಾರ್ಡ್ ವಿಷಯದಲ್ಲಿ ಊರಿನಿಂದ ಹೊರಡುವ ಮುಂಚೆಯೇ ಎರಡು ಕೆಲಸ ಮಾಡಿ. ನಮ್ಮ ಬ್ಯಾಂಕ್‌ಗಳ ಕಾರ್ಡಿನಲ್ಲಿ ವಿದೇಶಿ ಬಳಕೆ ಸಾಮಾನ್ಯವಾಗಿ ಬಂದ್ ಆಗಿರುತ್ತದೆ. ಆ್ಯಪ್‌ಗೆ ಹೋಗಿ ವಿದೇಶಿ ಬಳಕೆಯನ್ನೂ ಕಾಂಟ್ಯಾಕ್ಟ್‌ಲೆಸ್ ಅನ್ನೂ ಆನ್ ಮಾಡಿ. ಆಮೇಲೆ, ಕಾರ್ಡ್ ವೀಸಾ ಅಥವಾ ಮಾಸ್ಟರ್‌ಕಾರ್ಡ್ ಆಗಿದೆಯೇ ನೋಡಿ; ಅಲ್ಲಿನ ರೈಲು-ಟ್ರಾಮ್ ಗೇಟುಗಳಿಗೆ ರುಪೇ ನಡೆಯುವುದಿಲ್ಲ. ಎಷ್ಟೋ ಕೆಫೆಗಳು ನಗದು ಮುಟ್ಟುವುದೇ ಇಲ್ಲ, ಬಾಗಿಲಲ್ಲೇ ‘ಪಿನ್ ಓನ್ಲಿ’ ಎಂದು ಬರೆದಿರುತ್ತಾರೆ. ಮೂವತ್ತು-ನಲವತ್ತು ಯೂರೋ ನೋಟು ಆಪತ್ತಿಗೆ ಇದ್ದರೆ ಸಾಕು. ಯಂತ್ರ ‘ಯೂರೋದಲ್ಲಿ ಕೊಡುತ್ತೀರೋ ರೂಪಾಯಿಯಲ್ಲೋ’ ಎಂದು ಕೇಳಿದರೆ ಯೂರೋ ಒತ್ತಿ. ರೂಪಾಯಿ ಒತ್ತಿದರೆ ಅವರು ಹೇಳಿದ್ದೇ ದರ, ಅದು ಯಾವಾಗಲೂ ನಿಮಗೆ ನಷ್ಟದ ದರ.

ಇಳಿದ ಮೇಲೆ

ಬಾಗಿಲು ದಾಟಿದೊಡನೆ ಹಳದಿ ಫಲಕಗಳು ಕಾಣಿಸುತ್ತವೆ. ಅಭ್ಯಾಸಬಲದಿಂದ ಜನ ‘ಟ್ರಾನ್ಸ್‌ಫರ್’ ಬಾಣ ಹಿಡಿದು ಹೋಗಿ ಭದ್ರತಾ ತಪಾಸಣೆಯ ಸಾಲಿನಲ್ಲಿ ಸಿಕ್ಕಿಕೊಳ್ಳುತ್ತಾರೆ. ನಿಮಗೆ ಬೇಕಾದದ್ದು ‘ಅರೈವಲ್ಸ್’, ‘ಬ್ಯಾಗೇಜ್’ ಎಂದಿರುವ ಬಾಣ. ಪೆಟ್ಟಿಗೆ ಮುಂದಕ್ಕೆ ಹೋಗಿದ್ದರೂ ಹೊರಬೀಳುವ ದಾರಿ ಅದೇ.

ಯುರೋಪಿನ ಹೊಸ ಗಡಿ ನೋಂದಣಿ ವ್ಯವಸ್ಥೆ 2025ರ ಅಕ್ಟೋಬರ್ 12ರಿಂದ ಹಂತಹಂತವಾಗಿ ಜಾರಿಗೆ ಬಂದಿದೆ. ಮೊದಲ ಸಲ ದಾಟುವವರ ಮುಖದ ಫೋಟೋ ತೆಗೆಯುತ್ತಾರೆ. ವೀಸಾಕ್ಕೆ ಕೊಟ್ಟ ಬೆರಳಚ್ಚು ಆಗಲೇ ಅವರ ಬಳಿ ಇರುತ್ತದೆ. ಸಾಲು ನಿಧಾನವಾದರೆ ಕಾರಣ ಇದೇ. ಅಧಿಕಾರಿ ಕೇಳುವುದು ಮೂರು ಮಾತು: ಏಕೆ ಬಂದಿರಿ, ಎಷ್ಟು ಹೊತ್ತು, ಮುಂದೆ ಎಲ್ಲಿಗೆ. ಮುಂದಿನ ಬೋರ್ಡಿಂಗ್ ಪಾಸ್ ಕಾಗದದಲ್ಲೇ ಇರಲಿ, ಫೋನ್ ಚಾರ್ಜ್ ಇಲ್ಲದೆ ಅಲ್ಲಿ ತಡಕಾಡುವುದು ಚೆಂದವಲ್ಲ.

ರೈಲು: ತೋರಿಸಿ ಹತ್ತಿ, ತೋರಿಸಿ ಇಳಿಯಿರಿ

ಪಾಸ್‌ಪೋರ್ಟ್ ದಾಟಿ ಹೊರಬಂದರೆ ಸ್ಕಿಪೋಲ್ ಪ್ಲಾಜಾ. ಎಸ್ಕಲೇಟರ್ ಇಳಿದರೆ ಪ್ಲಾಟ್‌ಫಾರಂ. ಟಿಕೆಟ್ ಯಂತ್ರದ ಮುಂದಿನ ಸಾಲು ನಿಮಗಲ್ಲ. ಎಸ್ಕಲೇಟರ್ ಬಳಿಯ ಕಾರ್ಡ್ ಕಂಬಕ್ಕೆ ನಿಮ್ಮ ಬ್ಯಾಂಕ್ ಕಾರ್ಡ್ ಮುಟ್ಟಿಸಿ, ಸದ್ದು ಕೇಳಿ, ಇಳಿಯಿರಿ. ಊರಿನ ನಡುವಿನ ಸೆಂಟ್ರಾಲ್ ನಿಲ್ದಾಣದ ಗೇಟಿನಲ್ಲಿ ಅದೇ ಕಾರ್ಡ್ ಮತ್ತೆ ಮುಟ್ಟಿಸಿದರೆ 5 ಯೂರೋ ಆಸುಪಾಸು ಕಳೆಯುತ್ತದೆ. ಹೀಗೆ ಹತ್ತಿದವರದು ಎರಡನೇ ದರ್ಜೆ, ಬೋಗಿಯ ಮೇಲೆ 2 ಎಂದು ಬರೆದಿರುವಲ್ಲೇ ಕೂರಿ.

ಇಲ್ಲಿ ಕೆಡುವುದು ಮೂರು ರೀತಿ. ಹತ್ತುವಾಗ ಕಾರ್ಡ್, ಇಳಿಯುವಾಗ ಅದೇ ಕಾರ್ಡ್ ಸೇರಿಸಿದ ಫೋನ್ ಮುಟ್ಟಿಸಿದರೆ ಯಂತ್ರಕ್ಕೆ ಅವು ಎರಡು ಬೇರೆ ಕಾರ್ಡ್. ಎರಡು ಅರ್ಧ ಪ್ರಯಾಣಗಳ ದಂಡ ಬೀಳುತ್ತದೆ. ಇಳಿಯುವಾಗ ಮುಟ್ಟಿಸಲು ಮರೆತರೆ ರೈಲಿಗೆ 20 ಯೂರೋ ಹೋಗುತ್ತದೆ. ಸೆಂಟ್ರಾಲ್‌ನಲ್ಲಿ ಗೇಟ್ ಅಡ್ಡ ಇರುವುದರಿಂದ ಮರೆಯುವ ಪ್ರಶ್ನೆಯೇ ಇಲ್ಲ. ಮರೆಯುವುದು ವಾಪಸ್ ಬಂದಾಗ, ಸ್ಕಿಪೋಲ್‌ನಲ್ಲಿ, ವಿಮಾನದ ಗಡಿಬಿಡಿಯಲ್ಲಿ ಕಂಬದ ಪಕ್ಕದಲ್ಲೇ ನಡೆದುಹೋದಾಗ. ಮೂರನೆಯದು ರೈಲೇ ತಪ್ಪುವುದು: ಹಲವು ರೈಲುಗಳು ಆಮ್‌ಸ್ಟರ್‌ಡ್ಯಾಮ್ ಜೌಡ್‌ಗೆ ಹೋಗುತ್ತವೆ, ಅದು ದಕ್ಷಿಣದ ಕಚೇರಿ ಬಡಾವಣೆ. ಬೋರ್ಡಿನಲ್ಲಿ ‘ಸೆಂಟ್ರಾಲ್’ ಎಂದು ಪೂರ್ತಿ ಓದಿ ಹತ್ತಿ. ಜೌಡ್‌ಗೇ ಹೋಗಿಬಿಟ್ಟರೆ ಗಾಬರಿ ಬೇಡ, ಅಲ್ಲಿಂದ 52ನೇ ಮೆಟ್ರೋ ಊರಿನ ನಡುವಿಗೆ ಬರುತ್ತದೆ. ರೈಲಿನ ಗೇಟಿನಲ್ಲಿ ಹೊರಬಿದ್ದು, ಮೆಟ್ರೋ ಗೇಟಿನಲ್ಲಿ ಹೊಸದಾಗಿ ಕಾರ್ಡ್ ಮುಟ್ಟಿಸಬೇಕು ಅಷ್ಟೆ.

ಈ ರೈಲಿನಲ್ಲಿ ಚೀಲ ಕಳ್ಳರು ಓಡಾಡುತ್ತಾರೆ. ಒಬ್ಬ ಕಿಟಕಿ ತಟ್ಟಿ ದಾರಿ ಕೇಳುತ್ತಾನೆ, ಇನ್ನೊಬ್ಬ ಮೇಲಿನ ಹಲಗೆಯ ಚೀಲ ಎತ್ತಿಕೊಂಡು ಇಳಿಯುತ್ತಾನೆ. ಒಂಟಿ ಪ್ರಯಾಣಿಕರ ಚೀಲ ತೊಡೆಯ ಮೇಲೇ ಇರಬೇಕು. ಅರೈವಲ್ಸ್ ಒಳಗೇ ಬಂದು ‘ಟ್ಯಾಕ್ಸಿ, ಟ್ಯಾಕ್ಸಿ’ ಎನ್ನುವವರಿಗೆ ಉತ್ತರ ಕೊಡದೆ ಮುಂದೆ ಹೋಗಿ.

ಮೂರು ಗಂಟೆಯ ನಡಿಗೆ

ಸೆಂಟ್ರಾಲ್ ನಿಲ್ದಾಣದ ಊರಿನ ಕಡೆಯ ಬಾಗಿಲಲ್ಲಿ ಹೊರಬಂದರೆ ಎದುರಿಗೆ ಡಾಮ್‌ರಾಕ್ ಎಂಬ ಅಗಲವಾದ ರಸ್ತೆ. ಗುಂಪೆಲ್ಲ ಅತ್ತ ನುಗ್ಗುತ್ತದೆ. ಅಲ್ಲಿರುವುದು ಸ್ಮರಣಿಕೆ ಅಂಗಡಿ, ದುಬಾರಿ ತಿಂಡಿ, ಜೇಬುಗಳ್ಳರು. ನೀವು ಬಲಕ್ಕೆ ತಿರುಗಿ, ಪಶ್ಚಿಮಕ್ಕೆ. ಐದಾರು ನಿಮಿಷದಲ್ಲಿ ಸಿಂಗಲ್ ಕಾಲುವೆ ಸಿಗುತ್ತದೆ, ಅಲ್ಲಿಂದ ಬ್ರೌವರ್ಸ್‌ಗ್ರಾಖ್ಟ್ ಹಿಡಿದು ನಡೆಯಿರಿ. ಹಳೆಯ ಉಗ್ರಾಣಗಳ ದೊಡ್ಡ ಮರದ ಬಾಗಿಲುಗಳು ನೀರಿನಂಚಿಗೇ ಇವೆ.

ಈ ಕಾಲುವೆಗುಂಟ ಹೋದಂತೆ ಎಡಗಡೆ ಒಂದಾದ ಮೇಲೊಂದು ಹೇರನ್‌ಗ್ರಾಖ್ಟ್, ಕೈಜರ್ಸ್‌ಗ್ರಾಖ್ಟ್, ಪ್ರಿನ್ಸನ್‌ಗ್ರಾಖ್ಟ್ ಕಾಲುವೆಗಳು ಕವಲೊಡೆಯುತ್ತವೆ. ಹದಿನೇಳನೇ ಶತಮಾನದಲ್ಲಿ ತೋಡಿದ ಈ ಕಾಲುವೆ ಬಳೆಯನ್ನು ಯುನೆಸ್ಕೋ 2010ರಲ್ಲಿ ವಿಶ್ವಪರಂಪರೆ ಪಟ್ಟಿಗೆ ಸೇರಿಸಿತು. ಕತ್ತೆತ್ತಿ ನೋಡಿ: ಪ್ರತಿ ಮನೆಯ ನೆತ್ತಿಯಲ್ಲೂ ಒಂದು ತೊಲೆ ಹೊರಚಾಚಿದೆ, ತುದಿಗೆ ಕಬ್ಬಿಣದ ಕೊಕ್ಕೆ. ಒಳಗಿನ ಮೆಟ್ಟಿಲು ಏಣಿಯಷ್ಟು ಕಡಿದು, ಕಿರಿದು. ಮಂಚ, ಬೀರು ಅದರಲ್ಲಿ ಹತ್ತುವುದಿಲ್ಲ. ಕೊಕ್ಕೆಗೆ ಹಗ್ಗ ಹಾಕಿ ಹೊರಗಿನಿಂದ ಎತ್ತಿ ಕಿಟಕಿಯಲ್ಲಿ ಒಳಗೆಳೆಯುತ್ತಾರೆ, ಇವತ್ತಿಗೂ. ಎತ್ತುವಾಗ ಸಾಮಾನು ಗೋಡೆಗೆ ತಾಗದಿರಲೆಂದು ಎಷ್ಟೋ ಮನೆಗಳ ಮುಂಭಾಗವನ್ನು ಬೇಕೆಂದೇ ಮುಂದಕ್ಕೆ ಬಾಗಿಸಿ ಕಟ್ಟಿದ್ದಾರೆ. ಪಕ್ಕಕ್ಕೆ ವಾಲಿರುವ ಮನೆಗಳದು ಬೇರೆ ಕಥೆ: ಕೆಸರು ನೆಲದಲ್ಲಿ ಹೂತ ಮರದ ಕಂಬಗಳ ಮೇಲೆ ಊರು ನಿಂತಿದೆ, ಕಂಬ ಕೊಳೆತರೆ ಮನೆ ಜರುಗುತ್ತದೆ. ಡಾಮ್ ಚೌಕದ ಅರಮನೆಯೊಂದರ ಅಡಿಯಲ್ಲೇ 13,659 ಕಂಬಗಳಿವೆ.

ಪ್ರಿನ್ಸನ್‌ಗ್ರಾಖ್ಟ್ ಸಿಕ್ಕಾಗ ಎಡಕ್ಕೆ ತಿರುಗಿ. ನೋರ್ಡರ್‌ಮಾರ್ಕ್ಟ್‌ನಲ್ಲಿ ಶನಿವಾರ ರೈತರ ಸಂತೆ, ಸೋಮವಾರ ಬೆಳಿಗ್ಗೆ ಹಳೆ ಸಾಮಾನಿನ ಸಂತೆ. ಅಲ್ಲಿಂದ ಹತ್ತು ನಿಮಿಷಕ್ಕೆ ಆನ್ ಫ್ರಾಂಕ್ ಮನೆ (ನಾಜಿಗಳಿಂದ ಅಡಗಿ ಡೈರಿ ಬರೆದ ಯಹೂದಿ ಹುಡುಗಿ ಇದ್ದ ಜಾಗ), ಪಕ್ಕದಲ್ಲೇ ವೆಸ್ಟರ್‌ಕರ್ಕ್ ಚರ್ಚಿನ ಗೋಪುರ. ಮುಂದೆ ರುನ್‌ಸ್ಟ್ರಾಟ್, ಹೌಡನ್‌ಸ್ಟ್ರಾಟ್ ಎಂಬ ಚಿಕ್ಕ ಬೀದಿಗಳಲ್ಲಿ ಎಡಕ್ಕೆ ನಡೆದು ಕಾಲುವೆಗಳನ್ನು ಮತ್ತೆ ದಾಟಿದರೆ ಸ್ಪೌ ಚೌಕ. ಅದರ ಪಕ್ಕದ ಓಣಿಯಲ್ಲಿ ಬೆಗೈನ್‌ಹೋಫ್ ಎಂಬ ಒಳಾಂಗಣದ ಬಾಗಿಲು. ಪ್ರವೇಶ ಉಚಿತ, ಆದರೆ ಸುತ್ತ ಜನ ವಾಸವಾಗಿದ್ದಾರೆ, ಮೆತ್ತಗೆ ಮಾತಾಡಬೇಕು. ಗುಂಪುಗಳಿಗೆ ಪ್ರವೇಶವಿಲ್ಲದ ಕಾರಣ ಒಂಟಿಯವರಿಗೆ ಇದು ಹೇಳಿ ಮಾಡಿಸಿದ ಜಾಗ. ಒಳಗೆ ಊರಿನ ಅತಿ ಹಳೆಯ ಮರದ ಮನೆಗಳಲ್ಲೊಂದು ಇದೆ, ಸುಮಾರು 1528ರದು.

ಒಟ್ಟು ಮೂರು ಕಿಲೋಮೀಟರ್ ಚಿಲ್ಲರೆ, ನಿಂತು ನೋಡುತ್ತಾ ಎರಡು ಗಂಟೆ. ವಾಪಸ್ ನಡೆಯಬೇಡಿ, ರೊಕಿನ್ ಮೆಟ್ರೋದಿಂದ ಸೆಂಟ್ರಾಲ್ ಒಂದೇ ನಿಲ್ದಾಣ. ಅಲ್ಲಿ ಎಸ್ಕಲೇಟರ್‌ಗಳ ನಡುವಿನ ಗಾಜಿನ ಕಪಾಟು ತಪ್ಪಿಸಿಕೊಳ್ಳಬೇಡಿ. 2018ರಲ್ಲಿ ತೆರೆದ ಈ ಮೆಟ್ರೋಗೆ ಆಮ್‌ಸ್ಟೆಲ್ ನದಿಯ ಹಳೆಯ ಪಾತ್ರ ಅಗೆದಾಗ ಸಿಕ್ಕಿದ ಕೀಲಿ, ನಾಣ್ಯ, ಮಣ್ಣಿನ ಕೊಳವೆ, ಫೋನು, ಹಲ್ಲಿನ ಸೆಟ್ಟು ಎಲ್ಲ ಸಾಲಾಗಿ ಜೋಡಿಸಿಟ್ಟಿದ್ದಾರೆ.

ನಡೆಯುವಾಗ ಎಚ್ಚರ ಬೇಕಾದದ್ದು ಕಾರಿಗಲ್ಲ, ಸೈಕಲ್‌ಗೆ. ಕೆಂಪು ಬಣ್ಣದ ದಾರಿ ಸೈಕಲ್‌ನವರದು. ಫೋಟೋ ತೆಗೆಯಲು ಅದರ ಮೇಲೆ ನಿಂತರೆ ಗಂಟೆ ಸದ್ದು, ಆಮೇಲೆ ಬೈಗುಳ, ಆಮೇಲೆ ಡಿಕ್ಕಿ. ದಾಟುವಾಗ ಎಡ-ಬಲ ಎರಡೂ ಕಡೆ ನೋಡಿ. ಅಲ್ಲಿ ವಾಹನ ಬಲಕ್ಕೆ ಚಲಿಸುವುದರಿಂದ ನಮ್ಮ ಕತ್ತು ತಪ್ಪು ಕಡೆಗೇ ಮೊದಲು ತಿರುಗುತ್ತದೆ.

ಮ್ಯೂಸಿಯಂ, ಮಳೆ

ಆನ್ ಫ್ರಾಂಕ್ ಮನೆಗೆ ಬಾಗಿಲಲ್ಲಿ ಟಿಕೆಟ್ ಇಲ್ಲ. ಪ್ರತಿ ಮಂಗಳವಾರ ಅಲ್ಲಿನ ಬೆಳಿಗ್ಗೆ 10ಕ್ಕೆ, ಅಂದರೆ ನಮ್ಮ ಮಧ್ಯಾಹ್ನ 1:30ಕ್ಕೆ (ಚಳಿಗಾಲದಲ್ಲಿ 2:30ಕ್ಕೆ), ಆರು ವಾರದ ನಂತರದ ಟಿಕೆಟ್ ಆನ್‌ಲೈನ್‌ನಲ್ಲಿ ಬಿಡುತ್ತಾರೆ. ಕುಟುಂಬಕ್ಕೆ ನಾಲ್ಕು ಸಿಗದೇ ಇರುವಾಗಲೂ ಒಂದು ಸಿಗುವುದುಂಟು, ಒಂಟಿ ಪ್ರಯಾಣದ ಲಾಭ ಅದು. ಇಳಿದ ಮೂರೂವರೆ ಗಂಟೆಯ ನಂತರದ ಸಮಯವನ್ನೇ ಆರಿಸಿ.

ರೈಕ್ಸ್‌ಮ್ಯೂಸಿಯಂ ವರ್ಷದ ಎಲ್ಲ ದಿನ 9ರಿಂದ 5ರವರೆಗೆ ತೆರೆದಿರುತ್ತದೆ. ಸೆಂಟ್ರಾಲ್ ಎದುರಿನಿಂದ 2ನೇ ಟ್ರಾಮ್. ಒಂದೂವರೆ ಗಂಟೆ ಇದ್ದರೆ ನೇರ ಎರಡನೇ ಮಹಡಿಯ ಗ್ಯಾಲರಿಗೆ ಹೋಗಿ: ರೆಂಬ್ರಾಂಟ್‌ನ 1642ರ ‘ನೈಟ್ ವಾಚ್’, ವರ್ಮೀರ್‌ನ ಹಾಲು ಸುರಿಯುವ ಹೆಂಗಸು ಎರಡೂ ಅಲ್ಲೇ ಇವೆ. ಉಳಿದದ್ದನ್ನು ಬಿಟ್ಟುಬಿಡಿ. ನಗರದ ಪ್ರವಾಸಿ ಪಾಸ್‌ಗಳು ಕೆಲವೇ ಗಂಟೆಗೆ ಬರುವವರಿಗೆ ದಂಡ.

ಮಳೆ ಹಿಡಿದರೆ ಸೆಂಟ್ರಾಲ್‌ನ ಪೂರ್ವಕ್ಕೆ ಏಳೆಂಟು ನಿಮಿಷ ನಡೆದರೆ ನಗರದ ದೊಡ್ಡ ಸಾರ್ವಜನಿಕ ಗ್ರಂಥಾಲಯ. ಪ್ರವೇಶಕ್ಕೆ ದುಡ್ಡಿಲ್ಲ, ಬೆಚ್ಚಗಿದೆ, ಮೇಲಿನ ಮಹಡಿಯಿಂದ ಊರಿನ ನೋಟ ಸಿಗುತ್ತದೆ. ನಿಲ್ದಾಣದ ಹಿಂಬಾಗಿಲಿನಿಂದ ಐ ಜಲಮಾರ್ಗ ದಾಟುವ ದೋಣಿಗಳೂ ಉಚಿತ. ಬೌಕ್‌ಸ್ಲೋಟರ್‌ವೆಗ್ ದೋಣಿ ಹಗಲೂ ರಾತ್ರಿ ಓಡುತ್ತದೆ, ದಾಟಲು ಐದು ನಿಮಿಷ.

ಹೊಟ್ಟೆ

ಸಸ್ಯಾಹಾರಿಗಳಿಗೆ ಸುಲಭದ ಊರು, ಕೆಲವು ಗುಂಡಿಗಳನ್ನು ಬಿಟ್ಟರೆ. ಆಲೂ ಫ್ರೈಸ್ ಎಲ್ಲೆಡೆ ಸಿಗುತ್ತದೆ; ಮೇಲೆ ಸುರಿಯುವ ಮಯೊನೀಸ್‌ನಲ್ಲಿ ಮೊಟ್ಟೆ ಇರುತ್ತದೆ, ಕರಿಯುವುದು ಎಣ್ಣೆಯಲ್ಲೋ ದನದ ಕೊಬ್ಬಿನಲ್ಲೋ ಎಂದು ಕೇಳಬೇಕು. ಚೀಸ್‌ಗೆ ಹಾಲು ಒಡೆಸಲು ಪ್ರಾಣಿಮೂಲದ ರೆನೆಟ್ ಬಳಸುವುದು ಸಾಮಾನ್ಯ. ಇಂಡೋನೇಷ್ಯಾದ ಗಾಡೊ-ಗಾಡೊ ನೋಡಲು ತರಕಾರಿಯೇ, ಸಾಸ್‌ನಲ್ಲಿ ಸೀಗಡಿ ಪೇಸ್ಟ್ ಇರುತ್ತದೆ.

ನಮ್ಮವರು ಹುಡುಕಬೇಕಾದದ್ದು ಸುರಿನಾಮಿ ರೊಟ್ಟಿ ಅಂಗಡಿ. 1873ರಿಂದ ಭಾರತದ ಕೂಲಿಕಾರರನ್ನು ಡಚ್ಚರು ದಕ್ಷಿಣ ಅಮೆರಿಕದ ತಮ್ಮ ವಸಾಹತು ಸುರಿನಾಮ್‌ಗೆ ಸಾಗಿಸಿದರು. ಅವರ ಮೊಮ್ಮಕ್ಕಳ ಅಡುಗೆ ಈಗ ಆಮ್‌ಸ್ಟರ್‌ಡ್ಯಾಮ್‌ನ ದಿನದ ಊಟ. ತೆಳ್ಳನೆ ರೊಟ್ಟಿ, ಆಲೂಗಡ್ಡೆ, ಅಲಸಂದೆ ಕಾಯಿ ಪಲ್ಯ. ಜೊತೆಗೆ ‘ಬಾರಾ’ ಕೇಳಿ, ಉದ್ದಿನ ಹಿಟ್ಟಿನ ವಡೆ ಅದು. ಡೆ ಪೈಪ್ ಮೆಟ್ರೋ ನಿಲ್ದಾಣದ ಬಳಿ ಆಲ್ಬರ್ಟ್ ಕೌಪ್ ಸಂತೆಯ ಸುತ್ತ ಇಂಥವು ಸಿಗುತ್ತವೆ. ಸಂತೆಗೆ ಭಾನುವಾರ ರಜೆ. ನಲ್ಲಿ ನೀರು ಧೈರ್ಯವಾಗಿ ಕುಡಿಯಿರಿ.

‘ಕಾಫಿಶಾಪ್’ ಎಂಬ ಫಲಕ ಇರುವಲ್ಲಿ ಮಾರುವುದು ಗಾಂಜಾ. ಕಾಫಿ ಬೇಕಾದರೆ ಕೆಫೆಗೆ ಹೋಗಿ. ಗಾಂಜಾ ಬೆರೆಸಿದ ಕೇಕ್ ತಿಂದರೆ ನಶೆ ಗಂಟೆಯ ಮೇಲೆ ಏರುತ್ತದೆ, ಸರಿಯಾಗಿ ನೀವು ಪಾಸ್‌ಪೋರ್ಟ್ ಸಾಲಿನಲ್ಲಿ ನಿಂತಾಗ. ಕೆಂಪು ದೀಪದ ಬೀದಿಯಲ್ಲಿ ಕಿಟಕಿಯ ಹೆಂಗಸರ ಫೋಟೋ ತೆಗೆಯುವುದಂತೂ ಬೇಡವೇ ಬೇಡ.

ರಾತ್ರಿ ಉಳಿದರೆ

ಕೋಣೆ ಬಾಡಿಗೆಯ ಮೇಲೆ ನಗರ 12.5 ಶೇಕಡಾ ಪ್ರವಾಸಿ ತೆರಿಗೆ ಹಾಕುತ್ತದೆ, ವೆಬ್‌ಸೈಟಿನಲ್ಲಿ ಕಂಡ ದರದಲ್ಲಿ ಇದು ಸೇರಿದೆಯೇ ನೋಡಿ. ಕಾಲುವೆ ಮನೆಗಳ ಹೋಟೆಲ್ ಚೆಂದ, ಲಿಫ್ಟ್ ಇಲ್ಲದಿದ್ದರೆ ಪೆಟ್ಟಿಗೆ ಹೊತ್ತು ಆ ಏಣಿಮೆಟ್ಟಿಲು ಹತ್ತಬೇಕು. ಒಂದೇ ರಾತ್ರಿಗೆ ಸ್ಲೋಟರ್‌ಡೈಕ್ ನಿಲ್ದಾಣದ ಸುತ್ತ ಉಳಿಯುವುದು ಜಾಣತನ. ಸ್ಕಿಪೋಲ್‌ಗೂ ಸೆಂಟ್ರಾಲ್‌ಗೂ ನೇರ ರೈಲಿದೆ. ಏಪ್ರಿಲ್ 27ರ ರಾಜನ ಹುಟ್ಟುಹಬ್ಬದ ಆಸುಪಾಸು ಮಾತ್ರ ಈ ಊರಿನ ಯೋಚನೆ ಕೈಬಿಡಿ. ಟ್ರಾಮ್ ನಿಂತಿರುತ್ತದೆ, ನಿಲ್ದಾಣ ಕಿಕ್ಕಿರಿದಿರುತ್ತದೆ, ಕೋಣೆ ಬಾಡಿಗೆ ಮುಗಿಲು ಮುಟ್ಟಿರುತ್ತದೆ.

ಮರಳಿ ಗೇಟಿಗೆ

ಮೊದಲು ಕಂಬಕ್ಕೆ ಕಾರ್ಡ್ ಮುಟ್ಟಿಸಿ, ಆಮೇಲೆ ಲಾಕರ್. ಸ್ಕಿಪೋಲ್‌ನ ಹೊಸ ಸ್ಕ್ಯಾನರ್‌ಗಳಿಂದಾಗಿ ಲ್ಯಾಪ್‌ಟಾಪ್, ದ್ರವದ ಬಾಟಲಿಗಳನ್ನು ಚೀಲದಿಂದ ಹೊರತೆಗೆಯಬೇಕಿಲ್ಲ. ನಂತರ ಮತ್ತೆ ಪಾಸ್‌ಪೋರ್ಟ್ ಸಾಲು, ಕೆಲವು ಗೇಟ್‌ಗಳಿಗೆ ಕಾಲು ಗಂಟೆಗೂ ಮೀರಿದ ನಡಿಗೆ. ಅಮೆರಿಕಕ್ಕೆ ಹೋಗುವವರಿಗೆ ಗೇಟಿನ ಬಳಿ ಇನ್ನೊಂದು ಸುತ್ತು ಪ್ರಶ್ನೆ, ದಾಖಲೆ ಪರಿಶೀಲನೆ ಇರಬಹುದು. ಬೋರ್ಡಿಂಗ್ ಶುರುವಾಗುವ ಮುಂಚೆಯೇ ಅಲ್ಲಿರುವುದು ಒಳ್ಳೆಯದು.

ಕೊಂಡ ಸಾಮಾನಿನಲ್ಲಿ ಗಟ್ಟಿ ಚೀಸ್ ಕೈಚೀಲದಲ್ಲಿ ಹೋಗುತ್ತದೆ. ಬ್ರೆಡ್ಡಿಗೆ ಸವರುವ ಮೆತ್ತನೆಯದು ದ್ರವದ ಲೆಕ್ಕಕ್ಕೆ ಬರುತ್ತದೆ. ಟುಲಿಪ್ ಗಡ್ಡೆಗಳನ್ನು ಸಸ್ಯ ಆರೋಗ್ಯ ಪ್ರಮಾಣಪತ್ರ ಇಲ್ಲದೆ ಕೊಂಡರೆ ಭಾರತದಲ್ಲಾಗಲಿ ಅಮೆರಿಕದಲ್ಲಾಗಲಿ ಅವು ಕಸ್ಟಮ್ಸ್ ಮೇಜಿನಲ್ಲೇ ಉಳಿಯುತ್ತವೆ.